ಹೋಸ್ಟಿಂಗ್ ಕೈಕೊಟ್ಟಾಗ ಡೇಟಾಬೇಸ್ ಉಳಿಸಿಕೊಂಡ ಬಗೆ: ಡೊಂಬಿವಲಿಯ ಕನ್ನಡ ಸಂಘವೊಂದರ ಪ್ರಕರಣ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕಚೇರಿಯಿರುವ ಒಂದು ಕನ್ನಡ ಸಂಘ. ಸಂಘಕ್ಕೂ, ಅದರ ಜಾಲತಾಣಕ್ಕೆ ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಕೊಟ್ಟ ಹೋಸ್ಟಿಂಗ್ ಕಂಪನಿಗೂ ಇಲ್ಲಿ ಹೆಸರಿಲ್ಲ. ಇಂಥ ತಾಣಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಂದರೆಗಳನ್ನು ಒಂದೇ ತಾಣದ ಮೇಲೆ ಕೂರಿಸಿ ಬರೆದ ಮಾದರಿ ಪ್ರಕರಣ ಇದು. ಹಾಗಾಗಿ ಸಂಘದ ಅಂಕಿಗಳು ಮಾದರಿ ಅಂಕಿಗಳು. ತಂತ್ರಾಂಶಗಳ ಗುಣ ಮಾತ್ರ ಇದ್ದದ್ದು ಇದ್ದ ಹಾಗೆ. ಕಮಾಂಡ್‌ಗಳ ಮತ್ತು ಆಯ್ಕೆಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಆಯ್ಕೆಗಳ ಮುಂದೆ ಎರಡು ಅಡ್ಡಗೆರೆ ಸೇರಿಸಿ.

ತಾಣ 2011ರಿಂದ ಇದೆ. ಅರ್ಧ ವರ್ಡ್‌ಪ್ರೆಸ್ (ತಾಣ ನಡೆಸುವ ಸಿದ್ಧ ತಂತ್ರಾಂಶ): ನಾಡಹಬ್ಬ, ರಾಜ್ಯೋತ್ಸವಗಳ ವರದಿ, ಸಂಘದ ಪತ್ರಿಕೆಯ ಹಳೆಯ ಸಂಚಿಕೆಗಳು, ಫೋಟೊಗಳು. ಇನ್ನರ್ಧ, ಸದಸ್ಯರೊಬ್ಬರ ಮಗ ಕಾಲೇಜಿನಲ್ಲಿದ್ದಾಗ ಪಿಎಚ್‌ಪಿಯಲ್ಲಿ ಬರೆದುಕೊಟ್ಟದ್ದು: ಸದಸ್ಯರ ಪಟ್ಟಿ, ವಧೂವರ ನೋಂದಣಿ, ಗ್ರಂಥಾಲಯದ ಪುಸ್ತಕಪಟ್ಟಿ. ಹುಡುಗ ಈಗ ವಿದೇಶದಲ್ಲಿದ್ದಾನೆ, ಕೋಡ್ ಇಲ್ಲೇ ಇದೆ. ಎಲ್ಲವೂ ಒಂದೇ ಮೈಎಸ್‌ಕ್ಯುಎಲ್ ಡೇಟಾಬೇಸ್, ಅಳತೆ 640 ಎಂಬಿ. ಫೋಟೊ ಮತ್ತು ಪಿಡಿಎಫ್‌ಗಳು ಬೇರೆ, 11 ಜಿಬಿ.

ನವರಾತ್ರಿಯ ಹೊತ್ತಿಗೆ ತಾಣ ಆಗಾಗ ‘ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ’ ಎನ್ನಲಾರಂಭಿಸಿತು. ಹತ್ತು ನಿಮಿಷ ಸತ್ತಂತಿದ್ದು ತಾನಾಗಿಯೇ ಎದ್ದು ಕೂರುತ್ತಿತ್ತು. ಟಿಕೆಟ್ ಹಾಕಿದರೆ ಮೂರು ದಿನಕ್ಕೆ ‘ಈಗ ಸರಿಯಿದೆ, ನೋಡಿ’ ಎಂಬ ಒಂದು ಸಾಲು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ದಿನವಹಿ ಬ್ಯಾಕಪ್’ ಎಂಬ ಹಸಿರು ಗುರುತೇನೋ ಇತ್ತು. ಒಳಗೆ ಹೋಗಿ ನೋಡಿದರೆ ಕೊನೆಯ ಪ್ರತಿ 47 ದಿನ ಹಳೆಯದು. ನೆಚ್ಚಿದ ಎಮ್ಮೆ ಕೋಣ ಈದಿತ್ತು. ಒಪ್ಪಂದ ತೆರೆದು ಓದಿದಾಗ ಗೊತ್ತಾದದ್ದು, ಬ್ಯಾಕಪ್ ಎನ್ನುವುದು ಕಂಪನಿ ಸೌಜನ್ಯಕ್ಕೆ ಕೊಡುವ ಸೌಲಭ್ಯ, ಹೊಣೆ ಗ್ರಾಹಕರದ್ದೇ. ಹಲವು ಗ್ರಾಹಕರು ಒಂದೇ ಸರ್ವರ್ ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನ ಒಪ್ಪಂದಗಳಲ್ಲಿ ಈ ಸಾಲು ಸಾಮಾನ್ಯ; ದುಡ್ಡು ಕಟ್ಟುವಾಗ ಯಾರೂ ಓದುವುದಿಲ್ಲ.

ಮೊದಲು ಏನು ಮಾಡಲಿಲ್ಲ

ಕಾಯಿಲೆ ಬಿದ್ದ ಸರ್ವರ್ ಮೇಲೆ ರಿಪೇರಿಗೆ ಇಳಿಯಬಾರದು. ಸಮಿತಿಯಲ್ಲಿ ಮೊದಲು ಬಂದ ಸಲಹೆಗಳು ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡೋಣ, ಟೇಬಲ್‌ಗಳನ್ನು (ಡೇಟಾಬೇಸ್‌ನೊಳಗಿನ ಕೋಷ್ಟಕಗಳನ್ನು) ‘ಆಪ್ಟಿಮೈಸ್’ ಮಾಡೋಣ, ‘ರಿಪೇರ್’ ಒತ್ತೋಣ ಎಂಬುವೇ. ಮೂರೂ ಅಪಾಯ. ಆಪ್ಟಿಮೈಸ್ ಎಂದರೆ ಬಹುಮಟ್ಟಿಗೆ ಇಡೀ ಟೇಬಲನ್ನು ಪಕ್ಕದಲ್ಲಿ ಹೊಸದಾಗಿ ಕಟ್ಟಿ ಹಳೆಯದನ್ನು ಬಿಸಾಡುವುದು; ಅಷ್ಟೇ ಜಾಗ ಮತ್ತೆ ಬೇಕು, ನಡುವೆ ಸರ್ವರ್ ಸತ್ತರೆ ಗೋಳು. ಮೈಐಸ್ಯಾಮ್ ಎಂಬ ಹಳೆಯ ಬಗೆಯ ಟೇಬಲ್‌ಗೆ ರಿಪೇರ್ ಹೊಡೆದರೆ ಕೆಲವೊಮ್ಮೆ ಸಾಲುಗಳೇ ಹೋಗುತ್ತವೆ, ಮೊದಲು ಪ್ರತಿ ತೆಗೆದಿಡಿ ಎಂದು ಮೈಎಸ್‌ಕ್ಯುಎಲ್ ಕೈಪಿಡಿಯೇ ಎಚ್ಚರಿಸುತ್ತದೆ. ಕಂಪನಿಯ ಜೊತೆ ಜಗಳವನ್ನೂ ಆಮೇಲಕ್ಕೆ ಇಟ್ಟದ್ದಾಯಿತು. ಬಾಕಿ ಹಣದ ವ್ಯಾಜ್ಯ ಎದ್ದರೆ ಖಾತೆಯನ್ನೇ ಅಮಾನತಿನಲ್ಲಿಡಬಹುದು, ಆಗ ಲಾಗಿನ್ ಕೂಡ ಇರುವುದಿಲ್ಲ.

ವರ್ಡ್‌ಪ್ರೆಸ್‌ನೊಳಗೆ ಬ್ಯಾಕಪ್ ಪ್ಲಗಿನ್ ಒಂದಿತ್ತು. ಅದು ಮಾಡಿಟ್ಟ ಮೂರು ಜಿಪ್ ಫೈಲ್‌ಗಳೂ ಅದೇ ಸರ್ವರ್‌ನ ಅದೇ ಡಿಸ್ಕ್‌ನಲ್ಲಿದ್ದವು. ಒಂದು ಅರ್ಧಕ್ಕೇ ನಿಂತಿತ್ತು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟಾಗ, ಅಲ್ಲೇ ಬ್ಯಾಕಪ್ ಇಟ್ಟಿದ್ದ ಹಲವರಿಗೆ ಮೂಲವೂ ಹೋಯಿತು, ಪ್ರತಿಯೂ ಹೋಯಿತು.

ಯಾವುದು ಮೊದಲು

640 ಎಂಬಿಯನ್ನು ಟೇಬಲ್ ಟೇಬಲ್ ಬಿಡಿಸಿ ನೋಡಿದರೆ 550 ಎಂಬಿ ಒಂದೇ ಟೇಬಲ್‌ನದು: ಯಾರು ಎಷ್ಟು ಹೊತ್ತಿಗೆ ಯಾವ ಪುಟ ನೋಡಿದರು ಎಂದು ಬರೆದಿಡುವ ಅಂಕಿಅಂಶ ಪ್ಲಗಿನ್‌ನ ಲಾಗ್. ಸಂಘಕ್ಕೆ ನಿಜವಾಗಿ ಬೇಕಾದದ್ದು ಉಳಿದ 90 ಎಂಬಿ. ಮೊದಲ ದಿನ ಇಡೀ ಡೇಟಾಬೇಸ್ ಡಂಪ್ ಮಾಡಲು (ಮಾಹಿತಿಯನ್ನೆಲ್ಲ ಒಂದು ಫೈಲ್‌ಗೆ ಬರೆದಿಳಿಸಲು) ಹೋದಾಗಲೆಲ್ಲ 2013 ಸಂಖ್ಯೆಯ ದೋಷ ಬಂದು ಸಂಪರ್ಕ ಕಡಿಯುತ್ತಿದ್ದದ್ದು ಈ ಲಾಗ್ ಟೇಬಲ್‌ನಲ್ಲೇ. ಅದನ್ನು ‘ಇಗ್ನೋರ್-ಟೇಬಲ್’ ಆಯ್ಕೆಯಿಂದ ಹೊರಗಿಟ್ಟು, ಅದರ ಚೌಕಟ್ಟನ್ನಷ್ಟೇ ‘ನೋ-ಡೇಟಾ’ ಕೊಟ್ಟು ಬೇರೆ ತೆಗೆದ ಮೇಲೆ ಡಂಪ್ ಎರಡು ನಿಮಿಷದಲ್ಲಿ ಮುಗಿಯಿತು. ಇಗ್ನೋರ್-ಟೇಬಲ್‌ಗೆ ಟೇಬಲ್ ಹೆಸರೊಂದೇ ಸಾಲದು. ಡೇಟಾಬೇಸ್ ಹೆಸರು, ಚುಕ್ಕೆ, ಟೇಬಲ್ ಹೆಸರು, ಈ ಕ್ರಮದಲ್ಲಿ ಕೊಡಬೇಕು.

ತೆಗೆದ ಕ್ರಮ ಹೀಗೆ: ಸದಸ್ಯರು ಮತ್ತು ವಧೂವರ ನೋಂದಣಿ, ಪುಸ್ತಕಪಟ್ಟಿ, ವರ್ಡ್‌ಪ್ರೆಸ್ ಲೇಖನಗಳು, ಕೊನೆಗೆ ಫೋಟೊಗಳು. ಫೋಟೊಗಳ ಇನ್ನೊಂದು ಪ್ರತಿ ಯಾರದಾದರೂ ಫೋನಿನಲ್ಲಿ ಸಿಕ್ಕೀತು. ಸದಸ್ಯತ್ವ ಸಂಖ್ಯೆ ಬೇರೆಲ್ಲೂ ಸಿಗುವುದಿಲ್ಲ.

ದೂರದಿಂದಲೇ ಸರ್ವರ್‌ನೊಳಗೆ ಕಮಾಂಡ್ ಹೊಡೆಯಲು ಬಿಡುವ ಎಸ್‌ಎಸ್‌ಎಚ್ ಪ್ರವೇಶವಿದ್ದದ್ದು ಪುಣ್ಯ. ಠಾಣೆಯಲ್ಲಿರುವ ಸದಸ್ಯರೊಬ್ಬರ ಮನೆಯ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಅಲ್ಲಿಂದ ಎಸ್‌ಎಸ್‌ಎಚ್ ಮೂಲಕ ಸರ್ವರ್‌ನೊಳಗೆ ಡಂಪ್ ತೆಗೆಯುವ ಮೈಎಸ್‌ಕ್ಯುಎಲ್‌ಡಂಪ್ ಓಡಿಸಿ, ಅಲ್ಲೇ ಜಿಜಿಪ್‌ನಿಂದ ಕುಗ್ಗಿಸಿ, ಬಂದದ್ದನ್ನು ನೇರ ಮನೆಯ ಡಿಸ್ಕ್‌ಗೆ ಇಳಿಸಿಕೊಂಡದ್ದಾಯಿತು. ಹೀಗೆ ಮಾಡಿದರೆ ಸರ್ವರ್‌ನಲ್ಲಿ ಜಾಗ ಬೇಡ. ಹೊರಗಿನಿಂದ ಎಳೆದುಕೊಳ್ಳುವ ಈ ವಿಧಾನಕ್ಕೆ ಇನ್ನೊಂದು ಗುಣವಿದೆ: ಸರ್ವರ್‌ಗೆ ಯಾರಾದರೂ ನುಗ್ಗಿದರೂ ಪ್ರತಿಗಳಿರುವ ಜಾಗದ ಕೀಲಿ ಅವರ ಕೈಗೆ ಸಿಗುವುದಿಲ್ಲ. ದೂರದಿಂದ ಮೈಎಸ್‌ಕ್ಯುಎಲ್‌ಗೆ ನೇರ ಸಂಪರ್ಕ ಮಾಡುವ ದಾರಿಯೂ ಉಂಟು. ಅದಕ್ಕೆ ಐಪಿ ವಿಳಾಸವನ್ನು ಮೊದಲೇ ನೋಂದಾಯಿಸಬೇಕು, ಮನೆಯ ಬ್ರಾಡ್‌ಬ್ಯಾಂಡ್‌ನ ಐಪಿ ಆಗಾಗ ಬದಲಾಗುತ್ತದೆ. ಆ ಗೊಡವೆ ಬೇಡವೆನ್ನಿಸಿತು.

ಕೊಟ್ಟ ಆಯ್ಕೆಗಳಲ್ಲಿ ಮುಖ್ಯವಾದವು ಮೂರು. ‘ಸಿಂಗಲ್-ಟ್ರಾನ್ಸಾಕ್ಷನ್’ ಇದ್ದರೆ ಡಂಪ್ ಶುರುವಾದ ಕ್ಷಣದ ಚಿತ್ರ ಸಿಗುತ್ತದೆ, ತಾಣವನ್ನು ನಿಲ್ಲಿಸಬೇಕಿಲ್ಲ. ಆದರೆ ಅದು ಇನ್ನೊಡಿಬಿ ಎಂಬ ಹೊಸ ಬಗೆಯ ಟೇಬಲ್‌ಗಳಿಗೆ ಮಾತ್ರ. ಸಂಘದ ಪುಸ್ತಕಪಟ್ಟಿ ಹಳೆಯ ಮೈಐಸ್ಯಾಮ್‌ನಲ್ಲಿತ್ತು. ಅದನ್ನು ತೆಗೆಯುವ ಐದು ನಿಮಿಷ ಯಾರೂ ಪುಸ್ತಕ ನಮೂದಿಸದಂತೆ ಗ್ರಂಥಪಾಲಕರಿಗೆ ಫೋನ್ ಮಾಡಿ ಹೇಳಿದ್ದಷ್ಟೇ ಪರಿಹಾರ. ‘ರುಟೀನ್ಸ್’ ಕೊಡದಿದ್ದರೆ ಸ್ಟೋರ್ಡ್ ಪ್ರೊಸೀಜರ್‌ಗಳು (ಡೇಟಾಬೇಸ್‌ನೊಳಗೇ ಬರೆದಿಟ್ಟ ಕೋಡ್) ಬರುವುದಿಲ್ಲ, ಟ್ರಿಗರ್‌ಗಳು (ಸಾಲು ಬದಲಾದಾಗ ತಾನಾಗಿ ಓಡುವ ಕೋಡ್) ತಾವಾಗಿ ಬರುತ್ತವೆ. ‘ನೋ-ಟೇಬಲ್‌ಸ್ಪೇಸಸ್’ ಇಲ್ಲದಿದ್ದರೆ ಮೈಎಸ್‌ಕ್ಯುಎಲ್ 8.0.21ರಿಂದೀಚೆಗೆ ‘ಪ್ರೊಸೆಸ್’ ಅನುಮತಿ ಕೇಳುತ್ತದೆ, ಶೇರ್ಡ್ ಹೋಸ್ಟಿಂಗ್‌ನಲ್ಲಿ ಆ ಅನುಮತಿ ಸಾಮಾನ್ಯವಾಗಿ ಸಿಗದು. ಪಾಸ್‌ವರ್ಡನ್ನು ಕಮಾಂಡ್‌ನಲ್ಲೇ ಬರೆಯದೆ, 600 ಅನುಮತಿಯ (ಖಾತೆಯವರಷ್ಟೇ ಓದಬಲ್ಲ) ಮೈ-ಸಿಎನ್‌ಎಫ್ ಫೈಲ್‌ನಲ್ಲಿಟ್ಟದ್ದು ಒಳ್ಳೆಯದಾಯಿತು.

ಎಸ್‌ಎಸ್‌ಎಚ್ ಇಲ್ಲದವರಿಗೆ ಉಳಿಯುವುದು ಬ್ರೌಸರ್‌ನಲ್ಲೇ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್. ಅದರ ಸಮಯದ ಮಿತಿ ಮೂಲತಃ 300 ಸೆಕೆಂಡ್, ಹೋಸ್ಟಿಂಗ್‌ನವರು ಇನ್ನೂ ಕಡಿಮೆ ಇಟ್ಟಿರಬಹುದು. ನಾಲ್ಕಾರು ಟೇಬಲ್‌ಗಳ ಗುಂಪು ಮಾಡಿ ತೆಗೆಯಿರಿ, ಪ್ರತಿ ಫೈಲ್‌ನ ತುದಿಯಲ್ಲಿ ‘ಕಮಿಟ್’ ಸಾಲಿದೆಯೇ ನೋಡಿ. ಆ ತಂತ್ರಾಂಶ ಪ್ರೈಮರಿ ಕೀ (ಸಾಲನ್ನು ಗುರುತಿಸುವ ಕೀಲಿ), ಇಂಡೆಕ್ಸ್ (ಬೇಗ ಹುಡುಕುವ ಸೂಚಿ), ತಾನಾಗಿ ಏರುವ ಸಂಖ್ಯೆ ಇವನ್ನೆಲ್ಲ ಫೈಲ್‌ನ ಕೊನೆಯಲ್ಲಿ ಸೇರಿಸುತ್ತದೆ. ಬಾಲ ತುಂಡಾದ ಫೈಲನ್ನು ಹಾಕಿದರೂ ಮಾಹಿತಿಯೆಲ್ಲ ಬಂದಂತೆಯೇ ಕಾಣುತ್ತದೆ. ಕೀಲಿಗಳಿಲ್ಲದ ಟೇಬಲ್‌ಗೆ ಹೊಸ ಸದಸ್ಯರನ್ನು ಸೇರಿಸಲು ಹೋದಾಗಲೇ ಬಣ್ಣ ಬಯಲು.

ಕನ್ನಡ ಅಕ್ಷರಗಳ ಗೋಳು

ಡಂಪ್ ಬಂತು, ಲ್ಯಾಪ್‌ಟಾಪ್‌ನಲ್ಲಿ ರಿಸ್ಟೋರ್ ಆಯಿತು, ಲೇಖನಗಳೆಲ್ಲ ಸರಿಯಾಗಿ ಕಂಡವು. ಪುಸ್ತಕಪಟ್ಟಿ ತೆರೆದರೆ ಒಂದಕ್ಷರ ಕನ್ನಡವಿಲ್ಲ. ‘ಕ’ ಇರಬೇಕಾದ ಕಡೆ ತಲೆಯ ಮೇಲೆ ಓರೆಗೆರೆಯಿರುವ ರೋಮನ್ ‘ಎ’, ಮೇಲಕ್ಕೆ ಏರಿಸಿ ಬರೆದ ಸಣ್ಣ 2, ಆಮೇಲೊಂದು ದಪ್ಪ ಚುಕ್ಕೆ. ಇಡೀ ಪಟ್ಟಿ ಹೀಗೆಯೇ, ಎಲ್ಲೆಡೆ ಸಣ್ಣ 2 ಮತ್ತು ಸಣ್ಣ 3.

ಕಾರಣ ಹಳೆಯದು. ಮೈಎಸ್‌ಕ್ಯುಎಲ್‌ನ ಮೂಲ ಅಕ್ಷರಕೋಶ (ಯಾವ ಬೈಟ್ ಯಾವ ಅಕ್ಷರ ಎಂಬ ಪಟ್ಟಿ) 5.7ನೇ ಆವೃತ್ತಿಯವರೆಗೂ ರೋಮನ್ ಲಿಪಿಯ ಲ್ಯಾಟಿನ್1, 8.0ರಿಂದ ಯುನಿಕೋಡ್‌ನ ಯುಟಿಎಫ್8ಎಂಬಿ4. 2011ರ ಆ ಪಿಎಚ್‌ಪಿ ಕೋಡ್ ಸಂಪರ್ಕದ ಅಕ್ಷರಕೋಶ ಯಾವುದೆಂದು ಹೇಳಿರಲೇ ಇಲ್ಲ. ಹಾಗಾಗಿ ಯುಟಿಎಫ್-8 ಬೈಟ್‌ಗಳು ಲ್ಯಾಟಿನ್1 ಟೇಬಲ್‌ನೊಳಗೆ ವೇಷ ಮರೆಸಿಕೊಂಡು ಕೂತಿದ್ದವು. ತಾಣ ಬೈಟ್‌ಗಳನ್ನು ಹಾಕಿದಂತೆಯೇ ಹೊರತೆಗೆಯುತ್ತಿದ್ದರಿಂದ ಓದುಗರಿಗೆ ಕನ್ನಡವೇ ಕಾಣುತ್ತಿತ್ತು. ಡಂಪ್ ಮಾಡುವಾಗ ಮೈಎಸ್‌ಕ್ಯುಎಲ್ ಪ್ರತಿ ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ನಂಬಿ ಇನ್ನೊಮ್ಮೆ ಯುಟಿಎಫ್-8ಕ್ಕೆ ಪರಿವರ್ತಿಸಿತು. ಮೂರು ಬೈಟ್‌ನ ‘ಕ’ ಏಳು ಬೈಟ್ ಆಯಿತು.

ಇದನ್ನು ಮೊದಲೇ ಕಂಡುಹಿಡಿಯಲು ಸುಲಭ ಪರೀಕ್ಷೆಯಿದೆ. ‘ಕನ್ನಡ’ ಎಂಬ ಪದದಲ್ಲಿ ಯುನಿಕೋಡ್ ಪ್ರಕಾರ ಐದು ಸಂಕೇತಗಳು (ಕ, ನ, ಒತ್ತಕ್ಷರ ಜೋಡಿಸುವ ಹಲಂತ, ನ, ಡ), ಒಂದೊಂದಕ್ಕೆ 3 ಬೈಟ್, ಒಟ್ಟು 15. ಆ ಪದವಷ್ಟೇ ಇರುವ ಸಾಲಿಗೆ ‘ಲೆಂತ್’ (ಬೈಟ್‌ಗಳ ಎಣಿಕೆ) ಮತ್ತು ‘ಕ್ಯಾರ್-ಲೆಂತ್’ (ಸಂಕೇತಗಳ ಎಣಿಕೆ) ಎರಡನ್ನೂ ಕೇಳಿ. 15 ಮತ್ತು 5 ಬಂದರೆ ಟೇಬಲ್ ಶುದ್ಧ. 15 ಮತ್ತು 15 ಬಂದರೆ ವೇಷಧಾರಿ.

ವೇಷಧಾರಿ ಟೇಬಲ್‌ಗಳನ್ನು ಬೇರೆಯಾಗಿ ಡಂಪ್ ಮಾಡಬೇಕು: ‘ಡಿಫಾಲ್ಟ್-ಕ್ಯಾರೆಕ್ಟರ್-ಸೆಟ್’ ಆಯ್ಕೆಗೆ ಲ್ಯಾಟಿನ್1 ಕೊಟ್ಟು, ಜೊತೆಗೆ ‘ಸ್ಕಿಪ್-ಸೆಟ್-ಕ್ಯಾರ್‌ಸೆಟ್’ ಹಾಕಿ. ಆಗ ಬೈಟ್‌ಗಳು ಮುಟ್ಟದೆ ಹೊರಬರುತ್ತವೆ. ಫೈಲ್‌ನಲ್ಲಿ ಟೇಬಲ್ ಕಟ್ಟುವ ಸಾಲುಗಳಲ್ಲಿ ಮಾತ್ರ ಲ್ಯಾಟಿನ್1 ಎಂಬುದನ್ನು ಯುಟಿಎಫ್8ಎಂಬಿ4 ಎಂದು ಬದಲಿಸಿ, ಯುಟಿಎಫ್8ಎಂಬಿ4 ಸಂಪರ್ಕದಲ್ಲೇ ಒಳಗೆ ಹಾಕಬೇಕು. ಅಕ್ಷರಕ್ಕೆ ನಾಲ್ಕು ಬೈಟ್ ಲೆಕ್ಕ ಬರುವುದರಿಂದ ಹಳೆಯ ಸರ್ವರ್‌ಗಳಲ್ಲಿ ‘ಕೀಲಿ ಬಹಳ ಉದ್ದ, ಮಿತಿ 767 ಬೈಟ್’ ಎಂಬ ದೂರು ಬರಬಹುದು. ಇಂಡೆಕ್ಸ್ ಇರುವ ಕಾಲಮ್ಮನ್ನು 191 ಅಕ್ಷರಕ್ಕೆ ಇಳಿಸಿದರೆ ಸಾಕು.

ಇಲ್ಲಿ ಒಂದು ಬಲೆ ಕನ್ನಡದವರಿಗೇ ಹೆಣೆದಂತಿದೆ. ಮೈಎಸ್‌ಕ್ಯುಎಲ್‌ನ ಲ್ಯಾಟಿನ್1 ನಿಜಕ್ಕೂ ವಿಂಡೋಸ್-1252 ಕೋಶ. ಅದರಲ್ಲಿ ಐದು ಸ್ಥಾನಗಳು ಖಾಲಿ. ಆ ಐದು ಬೈಟ್‌ಗಳು ಕನ್ನಡದಲ್ಲಿ ಎಲ್ಲಿ ಬರುತ್ತವೆಂದರೆ ಹಲಂತದಲ್ಲಿ, ಉಕಾರದ ಕೊಂಬಿನಲ್ಲಿ, ಏ, ಐ, ಝ ಅಕ್ಷರಗಳಲ್ಲಿ. ಹಲಂತ ಹೋದರೆ ಒತ್ತಕ್ಷರವೆಲ್ಲ ಹೋದಂತೆ. ಮೈಎಸ್‌ಕ್ಯುಎಲ್ ಈ ಐದನ್ನೂ ಕಳೆಯದೆ ಕಾಪಾಡುತ್ತದೆ. ಹೊರಗಿನ ಎಡಿಟರ್‌ನಲ್ಲಿ ಫೈಲ್ ತೆರೆದು ‘ಸರಿಪಡಿಸಿ’ ಉಳಿಸಿದರೆ ಆ ಭರವಸೆಯಿಲ್ಲ. ಆದ್ದರಿಂದ ಕೆಟ್ಟ ಡಂಪ್ ಒಂದೇ ಕೈಯಲ್ಲಿದ್ದರೂ ಹೆದರಬೇಡಿ, ಎಡಿಟರ್ ಮುಟ್ಟಬೇಡಿ: ಅದನ್ನು ಹಾಗೇ ಮೈಎಸ್‌ಕ್ಯುಎಲ್‌ಗೆ ಹಾಕಿ, ಒಳಗೇ ಲ್ಯಾಟಿನ್1ಕ್ಕೆ, ಅಲ್ಲಿಂದ ಬೈನರಿಗೆ, ಅಲ್ಲಿಂದ ಯುಟಿಎಫ್8ಎಂಬಿ4ಕ್ಕೆ ಮೂರು ಹೆಜ್ಜೆಯಲ್ಲಿ ಮರಳಿಸಬಹುದು.

ಮರಳದ್ದು ಒಂದೇ, ಪ್ರಶ್ನಾರ್ಥಕ ಚಿಹ್ನೆ. ನಡುವೆ ಯಾರೋ ಹೊಸ ನಮೂನೆ ಬರೆದು ಯುಟಿಎಫ್-8 ಸಂಪರ್ಕದಲ್ಲಿ ಲ್ಯಾಟಿನ್1 ಟೇಬಲ್‌ಗೆ ಪುಸ್ತಕ ಸೇರಿಸಿದ್ದರು. ಆ ಸಾಲುಗಳಲ್ಲಿ ಪ್ರತಿ ಅಕ್ಷರದ ಬದಲು ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬರೆದುಕೊಂಡಿತ್ತು. ಅಂಥ ಸಾಲು 214.

ಬಂದದ್ದು ಪೂರ್ತಿ ಬಂದಿದೆಯೇ

ಮೈಎಸ್‌ಕ್ಯುಎಲ್‌ಡಂಪ್ ಮುಗಿಸಿದಾಗ ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂದು ಬರೆಯುತ್ತದೆ. ಆ ಸಾಲಿಲ್ಲದ ಫೈಲ್ ಅರ್ಧ ಫೈಲ್. ಇದನ್ನು ಕಣ್ಣಾರೆ ನೋಡುವುದಕ್ಕೆ ಕಾರಣವಿದೆ: ಡಂಪನ್ನು ಪೈಪ್ ಮೂಲಕ (ಒಂದು ಕಮಾಂಡ್‌ನಿಂದ ಬಂದದ್ದು ನೇರ ಇನ್ನೊಂದಕ್ಕೆ) ಜಿಜಿಪ್‌ಗೆ ಕೊಟ್ಟಾಗ, ಕಮಾಂಡ್ ಓಡಿಸುವ ಶೆಲ್ ವರದಿ ಮಾಡುವುದು ಜಿಜಿಪ್‌ನ ಫಲಿತಾಂಶವನ್ನು. ಡಂಪ್ ಪಾಸ್‌ವರ್ಡ್ ತಪ್ಪಿ ಬಿದ್ದಿದ್ದರೂ ಜಿಜಿಪ್ ಏನೂ ಇಲ್ಲದ್ದನ್ನು ನೀಟಾಗಿ ಕಟ್ಟಿ ‘ಯಶಸ್ವಿ’ ಎನ್ನುತ್ತದೆ. ಬ್ಯಾಕಪ್ ಫೋಲ್ಡರ್‌ನಲ್ಲಿ ಸರಿಯಾಗಿ 20 ಬೈಟ್‌ನ ಫೈಲ್‌ಗಳ ಸಾಲು ಕಂಡರೆ ಅದೇ ಕತೆ. ಸ್ಕ್ರಿಪ್ಟ್‌ನ ಮೇಲ್ಗಡೆ ‘ಪೈಪ್‌ಫೇಲ್’ ಹಾಕಿದರೆ ಈ ಮೋಸ ನಿಲ್ಲುತ್ತದೆ. ಎಸ್‌ಎಸ್‌ಎಚ್ ಮೂಲಕ ಓಡಿಸುವಾಗ ಅದನ್ನು ಆಚೆ ಬದಿಯ ಶೆಲ್‌ನಲ್ಲಿ ಹಾಕಬೇಕು, ಪೈಪ್ ಇರುವುದು ಅಲ್ಲಿ.

ಸಾಲುಗಳ ಎಣಿಕೆಗೆ ಕಂಟ್ರೋಲ್ ಪ್ಯಾನೆಲ್ ತೋರಿಸುವ ಸಂಖ್ಯೆ ನಂಬಬೇಡಿ. ಇನ್ನೊಡಿಬಿಯಲ್ಲಿ ಅದು ಅಂದಾಜು, ಅರ್ಧದಷ್ಟು ಹೆಚ್ಚುಕಡಿಮೆಯಾದರೂ ಆಶ್ಚರ್ಯವಿಲ್ಲ. ಎರಡೂ ಕಡೆ ಟೇಬಲ್ ಟೇಬಲ್‌ಗೆ ‘ಕೌಂಟ್’ ಹಾಕಿ ಹೋಲಿಸಿದ್ದಾಯಿತು. ಆಮೇಲೆ ಮನುಷ್ಯರ ಕಣ್ಣು: 2011ರದ್ದೊಂದು, ಕಳೆದ ವಾರದ್ದೊಂದು ಲೇಖನ, ಒತ್ತಕ್ಷರ ಜಾಸ್ತಿಯಿರುವ ನಾಲ್ಕು ಪುಸ್ತಕಗಳ ಹೆಸರು, ಇಬ್ಬರು ಸದಸ್ಯರ ಲಾಗಿನ್.

ರಿಸ್ಟೋರ್ ಮಾಡುವಾಗ ಅಡ್ಡ ಬಂದವು ಮೂರು. ಮೈಎಸ್‌ಕ್ಯುಎಲ್ 8ರ ಡಂಪನ್ನು ಅದರಿಂದಲೇ ಕವಲೊಡೆದ ಮರಿಯಾಡಿಬಿಯ ಹಳೆಯ ಆವೃತ್ತಿಗೆ ಹಾಕಿದರೆ 0900 ಎಂಬ ಅಂಕಿಯಿರುವ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಗೊತ್ತಿಲ್ಲ ಎನ್ನುತ್ತದೆ; ಅದನ್ನು ‘ಯುನಿಕೋಡ್-ಸಿಐ’ಗೆ ಬದಲಿಸಿ. ಟ್ರಿಗರ್‌ಗಳಲ್ಲಿ ‘ಡಿಫೈನರ್’ ಎಂದು ಹಳೆಯ ಸರ್ವರ್‌ನ ಬಳಕೆದಾರರ ಹೆಸರಿದ್ದರೆ ಹೊಸ ಕಡೆ ಅನುಮತಿ ದೋಷ ಬರುತ್ತದೆ. ಆ ಭಾಗ ತೆಗೆಯಿರಿ. 2024ರಿಂದೀಚಿನ ಮರಿಯಾಡಿಬಿ ಡಂಪ್‌ಗಳ ಮೊದಲ ಸಾಲಿನಲ್ಲಿ ‘ಸ್ಯಾಂಡ್‌ಬಾಕ್ಸ್ ಮೋಡ್’ ಎಂಬ ಸೂಚನೆಯಿರುತ್ತದೆ, ಮೈಎಸ್‌ಕ್ಯುಎಲ್ ಕ್ಲೈಂಟ್ ಅಲ್ಲೇ ಮುಗ್ಗರಿಸುತ್ತದೆ. ಮೊದಲ ಸಾಲು ಅಳಿಸಿದರೆ ಮುಂದೆ ಸಲೀಸು.

ದಿನವೂ ಓಡುವ ವ್ಯವಸ್ಥೆ

ಬೆಳಗಿನ ಜಾವ 3:30ಕ್ಕೆ ಲ್ಯಾಪ್‌ಟಾಪ್‌ನ ಕ್ರಾನ್ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಡಂಪ್ ಎಳೆದುಕೊಳ್ಳುತ್ತದೆ. ಕ್ರಾನ್ ಸಾಲಿನೊಳಗೇ ದಿನಾಂಕದ ಕಮಾಂಡ್ ಬರೆಯುವವರು ಗಮನಿಸಿ: ಅಲ್ಲಿ % ಚಿಹ್ನೆಗೆ ‘ಸಾಲು ಮುಗಿಯಿತು’ ಎಂಬ ಅರ್ಥವಿದೆ, ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕದಿದ್ದರೆ ಕಮಾಂಡ್ ಅಲ್ಲಿಗೇ ತುಂಡು. ಎಲ್ಲವನ್ನೂ ಸ್ಕ್ರಿಪ್ಟ್ ಫೈಲ್‌ನಲ್ಲಿ ಬರೆದು ಕ್ರಾನ್‌ನಿಂದ ಅದನ್ನಷ್ಟೇ ಕರೆಯುವುದು ವಾಸಿ.

90 ಎಂಬಿಯ ಡಂಪ್ ಕುಗ್ಗಿಸಿದ ಮೇಲೆ 18 ಎಂಬಿ. ದಿನದ್ದು 7, ವಾರದ್ದು 4, ತಿಂಗಳದ್ದು 12, ಒಟ್ಟು 23 ಪ್ರತಿಗೆ 414 ಎಂಬಿ. ಉಚಿತವಾಗಿ ಸಿಗುವ 10-15 ಜಿಬಿಯ ಕ್ಲೌಡ್ ಜಾಗದಲ್ಲೇ ಹಿಡಿಸುತ್ತದೆ, ಖರ್ಚಿನ ನೆಪ ಹೇಳುವಂತಿಲ್ಲ. ತಿಂಗಳ ಪ್ರತಿಗಳು ಯಾಕೆಂದರೆ, ಯಾರೋ ತಪ್ಪಿ ಅಳಿಸಿದ ಸದಸ್ಯರ ಸಾಲು ಗಮನಕ್ಕೆ ಬರುವುದು ವಾರ್ಷಿಕ ಮಹಾಸಭೆಯ ನೋಟಿಸ್ ಕಳಿಸುವಾಗ. ಫೋಟೊಗಳಿಗೆ ಬದಲಾದ ಫೈಲ್‌ಗಳನ್ನಷ್ಟೇ ಇಳಿಸುವ ಆರ್‌ಸಿಂಕ್, ವಾರಕ್ಕೊಮ್ಮೆ, ‘ಪಾರ್ಷಿಯಲ್’ ಆಯ್ಕೆಯೊಂದಿಗೆ. ನಡುವೆ ಕಡಿದರೆ ದೊಡ್ಡ ಪಿಡಿಎಫ್ ಮತ್ತೆ ಮೊದಲಿಂದ ಇಳಿಯುವುದಿಲ್ಲ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲನ್ನೂ ಮರೆಯಬಾರದು.

ಪ್ರತಿಗಳು ಮೂರು ಕಡೆ: ಠಾಣೆಯ ಲ್ಯಾಪ್‌ಟಾಪ್, ಬೇರೆ ಕಂಪನಿಯ ಕ್ಲೌಡ್, ತಿಂಗಳಿಗೊಮ್ಮೆ ಜೋಡಿಸಿ ಕಳಚಿಡುವ ಹೊರಗಿನ ಹಾರ್ಡ್‌ಡಿಸ್ಕ್. ಹಾರ್ಡ್‌ಡಿಸ್ಕ್ ಸಂಘದ ಕಚೇರಿಯ ಕಪಾಟಿನಲ್ಲಿರಲಿ ಎಂಬ ಮಾತು ಬಂದಿತ್ತು. ಕಚೇರಿ ನೆಲಮಹಡಿಯಲ್ಲಿದೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರು ಸಮಿತಿಯಲ್ಲಿದ್ದರು, ಡಿಸ್ಕ್ ಖಜಾಂಚಿಯವರ ನಾಲ್ಕನೇ ಮಹಡಿಯ ಮನೆಗೆ ಹೋಯಿತು.

ಎಚ್ಚರಿಕೆಯ ಇಮೇಲ್ ಬಗ್ಗೆ ಎರಡು ಮಾತು. ದೋಷ ಬಂದಾಗ ಮೇಲ್ ಕಳಿಸು ಎಂದು ಬರೆದರೆ, ಮೇಲ್ ಕಳಿಸುವ ಯಂತ್ರವೇ ಸತ್ತಾಗ ಮೌನ. ಆ ಮೌನವನ್ನು ಎಲ್ಲರೂ ಕ್ಷೇಮವೆಂದು ತಿಳಿಯುತ್ತಾರೆ. 2017ರ ಜನವರಿ 31ರಂದು, ಬೇರೆಯವರ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನ ಡೇಟಾ ಅಳಿಸಿದಾಗ ಬೆಳಕಿಗೆ ಬಂದದ್ದು, ಆವೃತ್ತಿ ಹೊಂದದೆ ಅವರ ಡಂಪ್‌ಗಳು ಬಹಳ ದಿನದಿಂದ ವಿಫಲವಾಗುತ್ತಿದ್ದವು, ಅದನ್ನು ತಿಳಿಸುವ ಇಮೇಲ್‌ಗಳು ದೃಢೀಕರಣವಿಲ್ಲವೆಂದು ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆಯ ಮಾಹಿತಿ ಹೋಯಿತು. ಸಂಘದ ವ್ಯವಸ್ಥೆಯಲ್ಲಿ ಹೊರಗಿನ ಸೇವೆಯೊಂದು ಬೆಳಗ್ಗೆ 6ರೊಳಗೆ ‘ಬಂತು’ ಎಂಬ ಸಂಕೇತಕ್ಕೆ ಕಾಯುತ್ತದೆ. ಬಾರದಿದ್ದರೆ ಇಬ್ಬರ ಫೋನಿಗೆ ಸಂದೇಶ. ಫೈಲ್‌ನ ಅಳತೆ ನಿನ್ನೆಯದರ ಶೇ. 90ಕ್ಕಿಂತ ಕಡಿಮೆಯಿದ್ದರೆ ಆ ಸಂಕೇತ ಹೋಗುವುದೇ ಇಲ್ಲ.

ಡಂಪ್‌ನಲ್ಲಿ ವಧೂವರರ ಜನ್ಮದಿನಾಂಕ, ಗೋತ್ರ, ಫೋನ್ ನಂಬರ್ ಎಲ್ಲ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಮಾಹಿತಿಗೆ ಸೂಕ್ತ ರಕ್ಷಣೆ ಕೇಳುತ್ತದೆ. ಮನೆಯಿಂದ ಹೊರಡುವ ಪ್ರತಿ, ಫೈಲನ್ನು ಗೂಢಲಿಪಿಗೆ ತಿರುಗಿಸುವ ಜಿಪಿಜಿಯಿಂದ ಬೀಗ ಹಾಕಿಕೊಂಡೇ ಕ್ಲೌಡ್‌ಗೆ ಹೋಗುತ್ತದೆ. ಬೀಗದ ಗುಪ್ತಪದ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರಲ್ಲೂ ಕಾಗದದ ಮೇಲೆ ಇದೆ. ಒಬ್ಬರಲ್ಲೇ ಇದ್ದರೆ ಅದೂ ಒಂದು ಕೆಟ್ಟ ಹೋಸ್ಟಿಂಗೇ. ಹಳೆಯ ಸರ್ವರ್‌ನ ಸಾರ್ವಜನಿಕ ಫೋಲ್ಡರ್‌ನಲ್ಲಿ ಯಾರೋ 2019ರಲ್ಲಿ ಇಟ್ಟು ಮರೆತ ಡಂಪ್ ಒಂದು ಸಿಕ್ಕಿತು. ಹೆಸರು ಊಹಿಸಿದ ಯಾರಾದರೂ ಬ್ರೌಸರ್‌ನಲ್ಲೇ ಇಳಿಸಿಕೊಳ್ಳಬಹುದಿತ್ತು.

ಮನೆ ಬದಲಿಸಿದ್ದು

ಡೊಮೇನ್ ಬೇರೆ ರಿಜಿಸ್ಟ್ರಾರ್ ಬಳಿ, ಸಂಘದ ಹೆಸರಲ್ಲೇ ಇದ್ದದ್ದರಿಂದ ಈ ಭಾಗ ಬೇಗ ಮುಗಿಯಿತು. ಹಿಂದಿನ ದಿನ ಡಿಎನ್‌ಎಸ್‌ನ (ಡೊಮೇನ್ ಹೆಸರಿಗೆ ಸರ್ವರ್ ವಿಳಾಸ ಹೇಳುವ ವ್ಯವಸ್ಥೆ) ಟಿಟಿಎಲ್, ಅಂದರೆ ಹಳೆಯ ವಿಳಾಸ ನೆನಪಿಡುವ ಅವಧಿ, 300 ಸೆಕೆಂಡಿಗೆ ಇಳಿಸಿ, ರಾತ್ರಿ 11ಕ್ಕೆ ತಾಣಕ್ಕೆ ‘ದುರಸ್ತಿಯಲ್ಲಿದೆ’ ಫಲಕ ಹಾಕಿ, ಕೊನೆಯ ಡಂಪ್ ತೆಗೆದು, ಹೊಸ ಕಡೆ ರಿಸ್ಟೋರ್ ಮಾಡಿ ವಿಳಾಸ ತಿರುಗಿಸಲಾಯಿತು. ಇಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಒಯ್ಯಲು ಮರೆತರೆ ಸಂಘದ ಇಮೇಲ್ ನಿಲ್ಲುತ್ತದೆ, ಅದನ್ನು ಮೊದಲೇ ಬರೆದಿಟ್ಟುಕೊಂಡಿತ್ತು. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಕೊಂಡಿಗಳನ್ನು ಬದಲಿಸುವಾಗ ಮಾತ್ರ ಎಡವಟ್ಟಾಯಿತು. ಡಂಪ್ ಫೈಲ್‌ನಲ್ಲೇ ಹುಡುಕಿ ಬದಲಿಸಿದ್ದರಿಂದ ವಿಜೆಟ್‌ಗಳು, ಥೀಮ್‌ನ ಹೊಂದಿಕೆಗಳೆಲ್ಲ ಮಾಯ. ವರ್ಡ್‌ಪ್ರೆಸ್ ಇವನ್ನು ಸೀರಿಯಲೈಸ್ ಮಾಡಿ (ಒಂದೇ ಸಾಲಿನ ಪಠ್ಯವಾಗಿ ಹೆಣೆದು), ಪ್ರತಿ ಪಠ್ಯದ ಮುಂದೆ ಅದರ ಬೈಟ್‌ಗಳ ಎಣಿಕೆ ಬರೆದಿಡುತ್ತದೆ. ಒಂದಕ್ಷರ ಸೇರಿದರೆ ಎಣಿಕೆ ತಪ್ಪಿ ಇಡೀ ತುಣುಕನ್ನು ಪಿಎಚ್‌ಪಿ ಎಸೆಯುತ್ತದೆ. ವರ್ಡ್‌ಪ್ರೆಸ್‌ನ ಕಮಾಂಡ್ ಸಾಧನ ಡಬ್ಲ್ಯುಪಿ-ಸಿಎಲ್‌ಐನ ‘ಸರ್ಚ್-ರಿಪ್ಲೇಸ್’ ಎಣಿಕೆಯನ್ನೂ ತಿದ್ದುತ್ತದೆ. ಮೂಲ ಡಂಪ್ ಮತ್ತೆ ಹಾಕಿ ಅದರಿಂದ ಮಾಡಿದ ಮೇಲೆ ಎಲ್ಲವೂ ಮರಳಿತು. ಹಳೆಯ ಖಾತೆಯ ಬಾಡಿಗೆ ಇನ್ನೊಂದು ತಿಂಗಳು ಕಟ್ಟಿ ಹಾಗೇ ಬಿಟ್ಟು, ಆಮೇಲೆ ಅಳಿಸಿ ಮುಚ್ಚಿದ್ದಾಯಿತು.

ಪ್ರಶ್ನಾರ್ಥಕ ಚಿಹ್ನೆಯ 214 ಪುಸ್ತಕಗಳು ಬಾಕಿ ಉಳಿದವು. ಹೆಸರು ಹೋಗಿದ್ದರೂ ಪುಸ್ತಕದ ಕ್ರಮಸಂಖ್ಯೆ ಅಂಕಿಯಾದ್ದರಿಂದ ಉಳಿದಿತ್ತು, ಗ್ರಂಥಾಲಯದಲ್ಲಿ ಕೈಬರಹದ ಅಕ್ಸೆಷನ್ ರಿಜಿಸ್ಟರ್ ಇತ್ತು. ಗ್ರಂಥಪಾಲಕರು ಶನಿವಾರ ಸಂಜೆ ಹತ್ತು ಹದಿನೈದರಂತೆ ಹೊಂದಿಸಿ ತುಂಬುತ್ತಿದ್ದಾರೆ. ರಿಜಿಸ್ಟರ್‌ನ ಪುಟಗಳನ್ನೂ ಈಗ ಫೋನಿನಲ್ಲಿ ಫೋಟೊ ತೆಗೆದು ಅದೇ ಹಾರ್ಡ್‌ಡಿಸ್ಕ್‌ಗೆ ಹಾಕಿದ್ದಾರೆ.